ನಂಗು ಮೀನಿಗೆ ಸಾರಾಯಿ ತಂದ ಬೇಸಿಗೆ

ಸೂಜಿ ಚುಚ್ಚುವ ಮುನ್ನ ತೋಳಿಗೆ ಒರೆಸುವ ಸ್ಪಿರಿಟ್‌ನ ವಾಸನೆ ಹೆಚ್ಚಿನವರಿಗೆ ಆಸ್ಪತ್ರೆಯನ್ನು ನೆನಪಿಸುತ್ತದೆ. ನನಗೆ ಅದು ಮೀನನ್ನೂ ಆಳಂದ ತಾಲ್ಲೂಕಿನ ನಮ್ಮ ಊರಿನ ಒಂದು ಬೇಸಿಗೆಯನ್ನೂ ನೆನಪಿಸುತ್ತದೆ. ಕಳೆದ ತಿಂಗಳು ಕಲಬುರಗಿಯ ದವಾಖಾನೆಯೊಂದರಲ್ಲಿ ಹಾಗೆಯೇ ಆಯಿತು. ‘ಯಾಕ್ರಿ, ನಗಾಕತ್ತೀರಿ?’ ಎಂದು ದಾದಿ ಕೇಳಿದರು. ಅಲ್ಲಿ ವಿವರಿಸುವುದು ಉಚಿತವೆನಿಸಲಿಲ್ಲ. ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಊರು ಖಜೂರಿಯತ್ತ ಹೋಗುವ ರಸ್ತೆಯ ಮೇಲಿದೆ. ನಮ್ಮದು ಲಿಂಗ ಕಟ್ಟಿದ ಮನೆ. ಮನೆಯಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಕೃಷಿ ಕಾಲೇಜಿಗೆ ಹಾಕಿದ ಅರ್ಜಿ ಫಲಿಸದೆ, ಸೀಟು ದೊರೆತ ಮೀನುಗಾರಿಕೆ ಕಾಲೇಜಿಗೆ ಸೇರಿದ್ದೆ. ಮೀನನ್ನು ಎಂದೂ ಮುಟ್ಟದ ಹುಡುಗ ಕರಾವಳಿಗೆ ಹೋಗಿ, ಪದವಿ ಮುಗಿಸಿ, ಸ್ನಾತಕೋತ್ತರ ಪ್ರಬಂಧಕ್ಕೆ ಮೀನಿನ ಮರಿಗಳನ್ನೇ ಆರಿಸಿಕೊಂಡಿದ್ದ. ಮುಂಗಾರಿನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ಪ್ರಬಂಧ ಸಲ್ಲಿಸಿದರೆ ಅಲ್ಲಿಯೇ ಸಹಾಯಕನ ಹುದ್ದೆಯೊಂದು ನನಗೆ ದೊರೆಯುವುದಿತ್ತು. ಸಲ್ಲಿಸದಿದ್ದರೆ ಅದು ಬೇರೆಯವರಿಗೆ. ನನ್ನ ಆ ಬೇಸಿಗೆಯ ಚಿಂತೆಯೆಲ್ಲ ಇಷ್ಟೇ.

ವಸತಿನಿಲಯ ರಜೆಗೆ ಮುಚ್ಚಿತು. ‘ಸಮುದ್ರದ ಕೆಲಸ ಮುಗಿಯಿತು. ಇನ್ನು ಬೇಕಾದದ್ದು ಸೂಕ್ಷ್ಮದರ್ಶಕ ಮತ್ತು ತಾಳ್ಮೆ, ಎರಡೂ ನಿಮ್ಮ ಊರಲ್ಲಿ ಸಿಗುತ್ತವೆ’ ಎಂದು ಮಾರ್ಗದರ್ಶಕರು ನನ್ನನ್ನು ಕಳುಹಿಸಿಕೊಟ್ಟರು. ಅಫಜಲಪುರದ ಹೈಸ್ಕೂಲೊಂದರಲ್ಲಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಅಲ್ಲಿನ ಮುಖ್ಯೋಪಾಧ್ಯಾಯರು ರಜೆ ಮುಗಿಯುವವರೆಗೆ ಎಂದು ಎರವಲು ಕೊಟ್ಟರು. ತಾಳ್ಮೆಯ ವಿಷಯವನ್ನು ಮುಂದೆ ಹೇಳುತ್ತೇನೆ.

ನಾನು ಅಧ್ಯಯನ ಮಾಡುತ್ತಿದ್ದದ್ದು ಕರಾವಳಿಯವರು ನಂಗು ಎಂದು ಕರೆಯುವ ಚಪ್ಪಟೆ ಮೀನನ್ನು. ಮೊಟ್ಟೆಯಿಂದ ಹೊರಬಂದಾಗ ಇದು ಉಳಿದ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ. ತಲೆಯ ಎರಡು ಬದಿಗೆ ಎರಡು ಕಣ್ಣು. ಆಮೇಲೆ ಒಂದು ಕಣ್ಣು ನಿಧಾನವಾಗಿ ನೆತ್ತಿಯನ್ನು ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಮೀನು ಮಗ್ಗುಲಾಗಿ ಮಲಗಿ, ದಂಡೆಯ ಆಳವಿಲ್ಲದ ನೀರಿನ ತಳವನ್ನು ಸೇರಿ, ಬಾಲ್ಯವನ್ನು ಅಲ್ಲಿಯೇ ಕಳೆಯುತ್ತದೆ. ಆ ತಳ ಎಂಥದ್ದು ಎಂಬುದರ ಮೇಲೆ ಮರಿಯ ಬೆಳವಣಿಗೆ ನಿಂತಿರುತ್ತದೆ. ಅಲೆ ಹೊಡೆಯುವ ಮರಳಿನ ದಂಡೆಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆಯೋ, ನದಿ ಸಮುದ್ರವನ್ನು ಸೇರುವಲ್ಲಿನ ಕೆಸರಿನಲ್ಲಿ ಚೆನ್ನಾಗಿ ಬೆಳೆಯುತ್ತದೆಯೋ ಎಂಬುದು ನನ್ನ ಪ್ರಬಂಧದ ಪ್ರಶ್ನೆ.

ನೋಡಿದವರೆಲ್ಲ ಮರಳಿನ ದಂಡೆ ಎಂದೇ ಹೇಳುತ್ತಿದ್ದರು. ಒಂದೇ ವಾರದಲ್ಲಿ ಎರಡೂ ಕಡೆ ಬಲೆ ಎಳೆದರೆ ಮರಳಿನ ಮರಿಗಳೇ ಉದ್ದವಿರುತ್ತಿದ್ದವು. ಆದರೆ ಉದ್ದವೊಂದೇ ಸಾಕ್ಷಿಯಾಗುವುದಿಲ್ಲ. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಸಾಸಿವೆಗಿಂತ ಸಣ್ಣದಾದ ಒಂದು ಹರಳಿರುತ್ತದೆ. ಮರಿಯಾಗಿದ್ದಾಗ ಅದರ ಮೇಲೆ ದಿನಕ್ಕೊಂದು ಉಂಗುರ ಮೂಡುತ್ತದೆ. ಉಂಗುರಗಳನ್ನು ಎಣಿಸಿದರೆ ಮರಿಯ ವಯಸ್ಸು ತಿಳಿಯುತ್ತದೆ, ವಯಸ್ಸು ತಿಳಿದರೆ ಬೆಳೆದ ವೇಗ ತಿಳಿಯುತ್ತದೆ. ಮೀನುಗಳನ್ನು ಕೆಡದಂತೆ ಇಡಲು ಸಾಮಾನ್ಯವಾಗಿ ಬಳಸುವ ಫಾರ್ಮಾಲಿನ್ ಈ ಹರಳನ್ನು ಕರಗಿಸಿಬಿಡುತ್ತದೆ. ಆದ್ದರಿಂದ ನನ್ನ ಮೀನುಗಳು ಸ್ಪಿರಿಟ್‌ನಲ್ಲಿದ್ದವು. ಪ್ರತಿಯೊಂದು ಮರಿಯನ್ನೂ ತೆಳುವಾದ ಬಟ್ಟೆಯ ಚೂರಿನಲ್ಲಿ ಸುತ್ತಿ, ಪೆನ್ಸಿಲ್ಲಿನಲ್ಲಿ ಸಂಖ್ಯೆ ಬರೆದ ಚೀಟಿ ಇಟ್ಟು, ಕೆಸರಿನ ಮರಿಗಳನ್ನು ಒಂದು ಗಾಜಿನ ಭರಣಿಯಲ್ಲೂ ಮರಳಿನ ಮರಿಗಳನ್ನು ಇನ್ನೊಂದರಲ್ಲೂ ತುಂಬಿಸಿದ್ದೆ. ಎರಡನ್ನೂ ತಗಡಿನ ಟ್ರಂಕಿನಲ್ಲಿಟ್ಟು ಬಸ್ಸು ಬದಲಿಸುತ್ತ ಊರಿಗೆ ತಂದೆ.

ಅವ್ವ ಟ್ರಂಕನ್ನು ಹೊಸ್ತಿಲಲ್ಲಿಯೇ ತಡೆದಳು.

‘ನೀ ಒಳಗ ಬಾ. ಅದು ಬ್ಯಾಡ’ ಎಂದಳು.

‘ಅವು ಆಹಾರವಲ್ಲ ಅವ್ವ, ಮಾದರಿಗಳು’ ಎಂದೆ.

‘ಸತ್ತ ಮೀನು ಹೌದೋ ಅಲ್ಲೋ? ಪುಸ್ತಕದ ಮಾತು ಹಚ್ಚಬ್ಯಾಡ ನನ್ನ ಮುಂದ.’

ಪಕ್ಕದ ಮನೆ ಮಸ್ತಾನಸಾಬರದು. ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿದುಕೊಡುತ್ತಿದ್ದರು. ರಾಜ್ಯದ ಗಡಿಗೆ ಹೋಗುವ ಲಾರಿಗಳ ರಸ್ತೆಯಾದ್ದರಿಂದ ಅವರಿಗೆ ಕೆಲಸ ತಪ್ಪುತ್ತಿರಲಿಲ್ಲ. ಅಪ್ಪನಿಗಿಂತ ಸ್ವಲ್ಪ ಕಿರಿಯರು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಅವರ ಮನೆಯಲ್ಲಿ ಮೀನಿಗೆ ಅಡ್ಡಿಯಿರಲಿಲ್ಲ. ‘ತಾ ಇಲ್ಲಿ, ನಮ್ಮ ಮನಿ ಖೋಲ್ಯಾಗ ಇಡು’ ಎಂದು ಟ್ರಂಕಿಗೆ ಕೈ ಹಾಕಿದವರು ಮುಚ್ಚಳ ತೆಗೆದ ಕೂಡಲೇ ಮುಖ ಹಿಂದಕ್ಕೆ ಸರಿಸಿದರು.

‘ಏನಿದು ವಾಸನಿ? ಶರಾಬೇನು?’

‘ಸ್ಪಿರಿಟ್, ಮಾಮಾ.’

‘ಎರಡೂ ಒಂದ ತಾಯಿ ಮಕ್ಕಳು. ನಾ ನಮಾಜ ಮಾಡೋ ಮನ್ಯಾಗ ಇದನ್ನ ಇಡಾಕ ಬರಂಗಿಲ್ಲ ಬೇಟಾ.’

ನಮ್ಮ ಮನೆಗೆ ಮೀನು ಬರುವಂತಿರಲಿಲ್ಲ, ಅವರ ಮನೆಗೆ ಮದ್ಯ ಬರುವಂತಿರಲಿಲ್ಲ. ನನ್ನ ಭರಣಿಯಲ್ಲಿ ಎರಡೂ ಇದ್ದವು. ಕೊನೆಗೆ ಅಪ್ಪನೇ ದಾರಿ ತೋರಿಸಿದರು. ಎರಡು ಮನೆಗಳ ನಡುವೆ ಒಂದು ಮಣ್ಣಿನ ಕೋಣೆ ಇತ್ತು. ಹಿಂದೆ ಎರಡೂ ಮನೆಯ ಎತ್ತುಗಳಿಗೆ ಕಣಿಕೆ ಮೇವು ಇಡುತ್ತಿದ್ದ ಜಾಗ. ಅದು ಯಾರದೆಂದು ಯಾರೂ ಕೇಳಿರಲಿಲ್ಲ. ‘ಯಾರದೂ ಅಲ್ಲದ ಜಾಗದಾಗ ಯಾರ ಧರ್ಮಾನೂ ಕೆಡಂಗಿಲ್ಲ’ ಎಂದರು. ಮಾಮಾ ಕಿಟಕಿಯ ಕೆಳಗೆ ಹಲಗೆ ಹೊಡೆದು ಮೇಜು ಮಾಡಿಕೊಟ್ಟರು. ಸಂಜೆ ಕೆಲಸ ಮುಗಿಸಿ, ಹಿತ್ತಲಿನಲ್ಲಿ ಸ್ನಾನ ಮಾಡಿಯೇ ನಾನು ಮನೆಯೊಳಗೆ ಹೋಗಬೇಕು ಎಂಬ ಕರಾರಿಗೆ ಅವ್ವ ಒಪ್ಪಿದಳು.

ಕೆಲಸ ಹಗಲಿನ ಬೆಳಕಿನಲ್ಲಿ ಮಾತ್ರ ಸಾಧ್ಯವಿತ್ತು. ಮೀನಿನ ತಲೆ ಬಿಡಿಸಿ, ಹರಳನ್ನು ತೆಗೆದು, ಗಾಜಿನ ಪಟ್ಟಿಗೆ ಅಂಟಿಸಿ, ನಯವಾದ ಕಲ್ಲಿನ ಮೇಲೆ ಉಜ್ಜಿ, ಉಂಗುರ ಎಣಿಸಬೇಕು. ಎಲ್ಲ ಹರಳುಗಳನ್ನೂ ಮೊದಲೇ ತೆಗೆದಿಟ್ಟುಕೊಳ್ಳಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ನನ್ನ ಬಳಿಯಿದ್ದ ಗಾಜಿನ ಪಟ್ಟಿಗಳು ಕೆಲವೇ. ಒಂದನ್ನು ಓದಿ ತೊಳೆದ ಮೇಲೆಯೇ ಮುಂದಿನದಕ್ಕೆ ಬಳಸಬೇಕಿತ್ತು. ಬಿಡಿಯಾಗಿಟ್ಟ ಹರಳು ಬಿಸಿಲುಗಾಳಿಗೆ ಹಾರಿಹೋದರೆ ಹುಡುಕುವುದು ಅಸಾಧ್ಯ.

ಕೆಸರಿನ ಭರಣಿಯನ್ನು ಮೊದಲು ಕೈಗೆತ್ತಿಕೊಂಡೆ. ಉಂಗುರಗಳು ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಇದ್ದವು. ಅಂದರೆ ಈ ಮರಿಗಳು ತಡವಾಗಿ ಹುಟ್ಟಿದವು, ಆದರೂ ಮರಳಿನ ಮರಿಗಳ ಸಮೀಪಕ್ಕೆ ಬೆಳೆದಿದ್ದವು. ಮರಳಿನವು ನಿಜವಾಗಿ ವಯಸ್ಸಾದವು ಎಂದು ಕಂಡುಬಂದರೆ ಎಲ್ಲರೂ ಹೇಳುತ್ತಿದ್ದದ್ದು ತಲೆಕೆಳಗಾಗುತ್ತಿತ್ತು. ಇದನ್ನು ಒಂದು ಮಧ್ಯಾಹ್ನ ಅಪ್ಪನಿಗೂ ಮಾಮಾಗೂ ವಿವರಿಸಿದೆ.

‘ಮೊದಲು ಬಿತ್ತಿದ ಜೋಳ ಎತ್ತರ ಇರುತ್ತದೆ. ಅಷ್ಟಕ್ಕೇ ಆ ಹೊಲ ಒಳ್ಳೆಯದು ಎನ್ನಲು ಬರುವುದಿಲ್ಲ. ಬಿತ್ತಿದ ದಿನ ತಿಳಿಯಬೇಕು. ಈ ಹರಳು ಬಿತ್ತಿದ ದಿನ ಹೇಳುತ್ತದೆ’ ಎಂದೆ.

‘ಅಂದ್ರ ಕೆಸರು ಎರಿ ಹೊಲ, ಉಸುಕು ಮಸಾರಿ’ ಎಂದು ಅಪ್ಪ ನಮ್ಮ ಕಪ್ಪು ನೆಲಕ್ಕೂ ಕೆಂಪು ನೆಲಕ್ಕೂ ಹೋಲಿಸಿದರು.

‘ಬಹುಶಃ. ಕೆಸರಿನಲ್ಲಿ ಹುಳುಗಳು ಹೆಚ್ಚು, ಮರಿಗಳಿಗೆ ಅವೇ ಆಹಾರ. ಆದರೆ ಮರಳಿನ ಭರಣಿಯನ್ನು ಓದದೆ ಹೇಳಬಾರದು.’

‘ಒಂದು ಕಣ್ಣು ತಲಿ ದಾಟಿ ಹೋಗ್ತದ ಅಂದಿ, ಅದು ಮಾತ್ರ ನಾ ನಂಬಂಗಿಲ್ಲ’ ಎಂದರು ಮಾಮಾ. ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, ‘ನಮ್ಮ ಭಾವನ ಕಣ್ಣೂ ಹಿಂಗ ಅದ. ಎರಡೂ ನನ್ನ ಹೊಲದ ಕಡೀಗೇ ಇರ್ತಾವ’ ಎಂದರು.

ಆ ಹೊತ್ತಿಗೆ ಬಿಸಿಲು ಏರಿತ್ತು. ನಮ್ಮ ಕಡೆಯ ಬೇಸಿಗೆ ಎಂಥದೆಂದು ಇಲ್ಲಿಯ ಓದುಗರಿಗೆ ಹೇಳಬೇಕಿಲ್ಲ. ಕೋಣೆಯ ಮೇಲೆ ತಗಡು. ಮುಚ್ಚಳಕ್ಕೆ ಮೇಣ ಸವರಿದರೂ ಭರಣಿಯಲ್ಲಿ ಸ್ಪಿರಿಟ್ ಇಳಿಯುತ್ತಲೇ ಹೋಯಿತು. ಕ್ಯಾನಿನಲ್ಲಿ ತಂದಿದ್ದು ಮುಗಿಯಿತು. ಓದಿ ಮುಗಿದ ಕೆಸರಿನ ಭರಣಿಯಲ್ಲಿದ್ದದ್ದನ್ನು ಸೋಸಿ ಮರಳಿನ ಭರಣಿಗೆ ಸುರಿದೆ, ಅದೂ ಇಳಿಯಿತು. ಆಳಂದದ ಕಂಪೌಂಡರ್ ಒಬ್ಬರು ಸಣ್ಣ ಬಾಟಲಿ ಕೊಟ್ಟರು. ಗುಲಬರ್ಗಾದ ಅಂಗಡಿಯಲ್ಲಿ ಪರವಾನಗಿ ತನ್ನಿರಿ ಎಂದರು. ಪರವಾನಗಿ ಕೊಡಿಸಬೇಕಾದ ಕಾಲೇಜು ರಜೆಯಲ್ಲಿತ್ತು. ಮೇಲಿನ ಸಾಲಿನ ಮೀನುಗಳು ಸ್ಪಿರಿಟ್‌ನಿಂದ ಹೊರಗೆ ಇಣುಕತೊಡಗಿದವು.

ಉಳಿದದ್ದು ಒಂದೇ. ರಸ್ತೆಯ ತಿರುವಿನಲ್ಲಿ, ಲಾರಿಗಳು ನಿಲ್ಲುವಲ್ಲಿ, ಸಾರಾಯಿ ಅಂಗಡಿ ಇತ್ತು. ಜೇವರ್ಗಿ ಕಡೆಯಿಂದ ಬಂದ ಈರಣ್ಣ ಎಂಬಾತ ಅದನ್ನು ನಡೆಸುತ್ತಿದ್ದ. ಗುತ್ತಿಗೆದಾರನಿಂದ ಅವನಿಗೆ ಪೀಪಾಯಿಯಲ್ಲಿ ಬರುತ್ತಿದ್ದ ಸರಕು ಬಹಳ ತೀಕ್ಷ್ಣ. ಅದಕ್ಕೆ ನೀರು ಬೆರೆಸಿ ಮಾರುತ್ತಿದ್ದ. ಬೆರೆಸುವ ಮುನ್ನಿನದು ದೊರೆತರೆ ನನ್ನ ಮೀನುಗಳು ಉಳಿಯುತ್ತಿದ್ದವು.

‘ನಾನೇ ಹೋಗಿ ತರುತ್ತೇನೆ’ ಎಂದೆ.

ಅಪ್ಪ ತಲೆಯಲ್ಲಾಡಿಸಿದರು. ‘ನೀ ಹೋದ್ರ ನಾಳಿ ಇಡೀ ಊರು, ಸಿದ್ರಾಮಪ್ಪನ ಮಗ ಓದಾಕ ಹೋಗಿ ಕುಡಿಯಾಕ ಕಲ್ತ ಅಂತದ. ನಿನಗ ಹೆಣ್ಣು ಕೊಡವರೂ ಕೇಳ್ತಾರ. ನಾ ಹೋದ್ರ ಯಾರೂ ನಂಬಂಗಿಲ್ಲ.’

ಅದು ನಿಜವೇ ಆಗಿತ್ತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುತ್ತಿದ್ದವರು ಅಪ್ಪ. ಚಹಾವನ್ನು ಸಹ ದುಶ್ಚಟವೆಂದು ಬಿಟ್ಟವರು. ಆದರೂ ಒಬ್ಬರೇ ಹೋಗಲು ಅವರಿಗೆ ಮನಸ್ಸಾಗಲಿಲ್ಲ. ಜೊತೆಗೆ ಸಾಕ್ಷಿ ಬೇಕೆಂದರು. ಹೀಗಾಗಿ ನಡುಮಧ್ಯಾಹ್ನ, ಎಲ್ಲರೂ ನೋಡಲೆಂದೇ, ಅಪ್ಪನೂ ಮಸ್ತಾನ್ ಮಾಮಾನೂ ಹಿತ್ತಾಳೆಯ ಕೊಡ ಹಿಡಿದು ರಸ್ತೆಯ ಮಧ್ಯದಲ್ಲಿ ನಡೆದುಹೋದರು. ನಾನು ಎದುರಿನ ಪಂಕ್ಚರ್ ಅಂಗಡಿಯ ನೆರಳಿನಲ್ಲಿ ನಿಂತಿದ್ದೆ.

ಬೆಂಚಿನ ಮೇಲೆ ಕುಳಿತವರು ಎದ್ದು ನಿಂತರು. ಒಬ್ಬ ಗ್ಲಾಸನ್ನು ಬೆನ್ನ ಹಿಂದೆ ಅಡಗಿಸಿದ.

‘ಏನ್ರಿ ಅಪ್ಪಾರು, ದಾರಿ ತಪ್ಪಿತೇನ್ರಿ?’ ಎಂದ ಈರಣ್ಣ.

‘ಇಲ್ಲಪಾ. ನೀರು ಹಾಕದ ಸಾರಾಯಿ ಒಂದು ಕೊಡ ಬೇಕಾಗಿತ್ತು. ಮಗನ ಮೀನಿಗೆ.’

ಬೆಂಚಿನಿಂದ ಒಂದು ದನಿ, ‘ಮಸ್ತಾನಸಾಬ್ರ ಮೀನಿಗೂ ಬೇಕಂತೇನು?’ ಎಂದಿತು.

‘ನಾ ಬರೇ ಸಾಕ್ಷಿ ಬೇ’ ಎಂದು ಮಾಮಾ ಸಿಟ್ಟಿನಲ್ಲಿ ಹೇಳಿದರು. ನಮ್ಮ ಕಡೆ ಹೆಂಗಸರಿಗೆ ಹೇಳುವ ಬೇಯನ್ನು ಗಂಡಸಿಗೆ ಹೇಳಿದ್ದಕ್ಕೆ ಬೆಂಚೆಲ್ಲ ನಕ್ಕಿತು.

ಈರಣ್ಣ ನಗಲಿಲ್ಲ. ಎರಡೂ ಕೈಯಿಂದ ಕೊಡ ತೆಗೆದುಕೊಂಡು ಒಳಗೆ ಹೋದ. ಬಹಳ ಹೊತ್ತಿನ ಮೇಲೆ ತುಂಬಿದ ಕೊಡ ತಂದು, ತಲೆ ಬಾಗಿಸಿ ಕೊಟ್ಟ. ನಾನು ಅಂದೇ ಭರಣಿಯನ್ನು ಅಂಚಿನವರೆಗೆ ತುಂಬಿಸಿ, ನಿಶ್ಚಿಂತೆಯಿಂದ ಕೆಸರಿನ ಮರಿಗಳ ಲೆಕ್ಕ ಬರೆಯಲು ಕುಳಿತೆ.

ಕೆಲವು ದಿನಗಳ ಮೇಲೆ ಭರಣಿ ತೆರೆದಾಗ ಬೇರೆಯೇ ವಾಸನೆ ಬಂದಿತು. ಬಟ್ಟೆಯ ಒಂದು ಸುತ್ತು ಬಿಚ್ಚಿದೆ. ಮೀನಿನ ಮಾಂಸ ಬೆರಳಿಗೆ ಅಂಟಿ ಬಂದಿತು. ಮಾಂಸ ಕರಗಿದರೆ ಹರಳು ಬಟ್ಟೆಯಿಂದ ಜಾರಿ ತಳ ಸೇರುತ್ತದೆ. ಯಾವ ಹರಳು ಯಾವ ಮೀನಿನದು ಎಂದು ಆಮೇಲೆ ಯಾರೂ ಹೇಳಲಾರರು. ಮಾಮಾನನ್ನು ಕೂಗಿದೆ. ಮಾಮಾ ಬಂದು, ಕೊಡದಲ್ಲಿ ಉಳಿದಿದ್ದನ್ನು ಚಮಚೆಗೆ ಸುರಿದು ಕಡ್ಡಿ ಗೀರಿದರು. ಕಡ್ಡಿ ಚುಂಯ್ ಎಂದು ಆರಿತು.

‘ಇದು ನೀರು ಬೇಟಾ. ಸಾರಾಯಿ ಬರೇ ಹಾದುಹೋಗೇದ.’

ನಾನು ಯಾರ ಅಪ್ಪಣೆಯನ್ನೂ ಕೇಳದೆ ಈರಣ್ಣನ ಅಂಗಡಿಗೆ ಹೋದೆ. ‘ತಾವು ಕೊಟ್ಟ ದ್ರವ ದುರ್ಬಲವಾಗಿತ್ತು. ನನಗೆ ಸಂಶೋಧನೆಯ ಉದ್ದೇಶಕ್ಕಾಗಿ ನೀರು ಬೆರೆಸದ ಸರಕು ಬೇಕು’ ಎಂದೆ. ಇಷ್ಟು ಶುದ್ಧವಾಗಿ ನಾನು ಪರೀಕ್ಷೆಯಲ್ಲಿಯೂ ಬರೆದಿರಲಿಲ್ಲ.

‘ನಾವೂ ಸಂಶೋಧನಾನ ಮಾಡಾಕತ್ತೇವಿ ಸರ್, ಮುಂಜಾನಿಂದ’ ಎಂದ ಬೆಂಚಿನ ಮೇಲಿದ್ದ ಲಾರಿಯವನೊಬ್ಬ.

ಈರಣ್ಣ ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ. ‘ನೋಡ್ರಿ, ನಾನೇ ನೀರ ಹಾಕೀನಿ. ಬ್ಯಾರೇರಿಗೆ ಹಾಕೋದಕ್ಕಿಂತ ಜಾಸ್ತೀನ ಹಾಕೀನಿ. ಅಪ್ಪಾರು ವಯಸ್ಸಾದವರು, ಮೊದಲನೇ ಸಲ ಕುಡಿಯಾಕತ್ತಾರ. ಹೊಟ್ಟಿ ಸುಟ್ಟುಗಿಟ್ಟರ ಆ ಪಾಪ ನನಗ ಬರ್ತದ.’

‘ಅವರು ಕುಡಿಯುವುದಿಲ್ಲ. ಅದು ಮೀನಿಗೇ.’

‘ಇಲ್ಲಿ ಬರವರು ಯಾರೂ ಕುಡಿಯಾಕ ಅಂತ ಒಯ್ಯಂಗಿಲ್ರಿ. ಒಬ್ಬಂವ ಹಲ್ಲಿನ ನೋವಿಗೆ ಅಂತಾನ, ಒಬ್ಬಂವ ಎತ್ತಿನ ಕಾಲಿಗೆ ಅಂತಾನ. ಮೀನಿಗೆ ಅಂದವರು ನೀವ ಮೊದಲ. ನಾ ಯಾರಿಗೂ ಹೇಳಂಗಿಲ್ಲ, ಚಿಂತಿ ಬ್ಯಾಡ್ರಿ. ಆದ್ರ ಖಡಕ್ ಮಾಲು ಅವರಿಗೆ ಕೊಡಂಗಿಲ್ಲ.’

ಬಂದು ಮೀನು ನೋಡು ಎಂದು ಬೇಡಿಕೊಂಡೆ. ಅಂಗಡಿ ಬಿಟ್ಟು ಮೀನು ನೋಡಲು ಬಂದರೆ ಗುತ್ತಿಗೆದಾರ ತನ್ನನ್ನೇ ಬಿಡಿಸುತ್ತಾನೆ ಎಂದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ನಮ್ಮ ಮನೆಯ ಮೇಲೆ ಅವನಿಗಿದ್ದ ಗೌರವವೇ ನನ್ನ ಮೀನುಗಳನ್ನು ಕರಗಿಸುತ್ತಿತ್ತು.

ಮನೆಗೆ ಬಂದು ಹೀಗೆ ಹೀಗೆ ಎಂದು ಹೇಳಿದೆ. ಅಪ್ಪ ಜಗಲಿಯ ಮೇಲೆ ಕುಳಿತಿದ್ದರು. ‘ಇವತ್ತು ಸಿಕ್ಕರ ಉಳಿತಾವೇನು?’ ಎಂದು ಕೇಳಿದರು.

‘ಹೆಚ್ಚಿನವು ಉಳಿಯಬಹುದು. ನಾಳೆಗೆ ಹೇಳಲಾರೆ.’

ಅಪ್ಪ ರುಮಾಲು ಸುತ್ತಿಕೊಂಡು ಕೊಡ ಹುಡುಕಿದರು. ಬೇಲಿಯ ಆಚೆ ನೋಡಿ, ‘ಮಸ್ತಾನ, ಬಾ’ ಎಂದರು. ‘ಸಾಕ್ಷಿಗೇನು?’ ಎಂದು ಮಾಮಾ ಕೇಳಿದರು. ‘ಸಾಕ್ಷಿ ಆತು. ಈಗ ಜೋಡಿ ಬೇಕು’ ಎಂದರು ಅಪ್ಪ.

ನಾನು ಮತ್ತೆ ಪಂಕ್ಚರ್ ಅಂಗಡಿಯ ನೆರಳಿಗೆ ಹೋದೆ. ಸಂತೆಯ ದಿನವಾಗಿದ್ದರಿಂದ ಬೆಂಚು ತುಂಬಿತ್ತು; ನಮ್ಮ ಓಣಿಯವರೂ ಅಲ್ಲಿದ್ದರು. ಅಪ್ಪ ಕೊಡವನ್ನು ಹಲಗೆಯ ಮೇಲೆ ಕುಕ್ಕಿದರು. ಪುರಾಣ ಓದುವ ಗಂಟಲು ಅವರದು, ರಸ್ತೆಯ ಈಚೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

‘ಈರಣ್ಣ, ಮೊನ್ನಿ ಕೊಟ್ಟಿಯಲ್ಲ, ಅದೇನು ಸಾರಾಯೇನು? ಸಪ್ಪಗ, ಮಜ್ಜಗಿ ಕುಡದಂಗ ಇತ್ತು. ಕೊಡಾನ ಖಾಲಿ ಮಾಡೇವಿ, ನಮಗ ಇಬ್ಬರಿಗೂ ಏನೂ ಏರಲಿಲ್ಲ.’

ಈರಣ್ಣ ಮಾಮಾನ ಕಡೆ ನೋಡಿದ. ಮಾಮಾ ಆಕಾಶವನ್ನೊಮ್ಮೆ ನೋಡಿ, ‘ನನಗಂತೂ ನಿದ್ದೀನೂ ಬರಲಿಲ್ಲ’ ಎಂದರು.

‘ಹಂಗಲ್ರಿ ಅಪ್ಪಾರ, ನಿಮ್ಮ ವಯಸ್ಸಿಗೆ…’

‘ವಯಸ್ಸು ನಾ ನೋಡಿಕೋತೇನಿ. ನೀರು ಮುಟ್ಟಿಸದ್ದು ಕೊಡು. ಇಲ್ಲಂದ್ರ ಖಜೂರಿಗೆ ಹೋಗಿ ತರ್ತೇವಿ, ಅಲ್ಲಿ ಇದಕ್ಕಿಂತ ಖಡಕ್ ಸಿಗ್ತದಂತ.’

ವ್ಯಾಪಾರದ ಮಾತು ಬಂದ ಮೇಲೆ ಈರಣ್ಣ ತಡಮಾಡಲಿಲ್ಲ. ಒಳಗಿನಿಂದ ಕೊಡ ತುಂಬಿ ಬಂದಿತು. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು, ಓಣಿಯವರ ಮುಂದೆ ಹಾದು ಬಂದರು. ಕೋಣೆಯಲ್ಲಿ ಮಾಮಾ ಚಮಚೆಗೆ ಸುರಿದು ಕಡ್ಡಿ ಗೀರಿದರು. ನೀಲಿ ಉರಿ ನಿಂತಿತು. ಆ ದಿನ ಮೊದಲ ಸಲ ಅಪ್ಪ ಮೀನಿನ ಭರಣಿಯನ್ನು ಕೈಯಿಂದ ಮುಟ್ಟಿದರು. ನಾನು ಸುರಿಯುವಾಗ ಅದು ಅಲುಗಾಡದಂತೆ ಹಿಡಿದುಕೊಂಡರು. ಅವ್ವ ಹಿತ್ತಲಿನಲ್ಲಿ ಎರಡು ಬಕೆಟ್ ನೀರು ಇಟ್ಟಳು.

ಕೆಲವು ಮೀನುಗಳು ಆಗಲೇ ಕರಗಿ ಹೋಗಿದ್ದವು. ಅವನ್ನು ಲೆಕ್ಕದಿಂದ ಬಿಟ್ಟು, ಬಿಟ್ಟದ್ದಕ್ಕೆ ಕಾರಣವನ್ನು ಪ್ರಬಂಧದಲ್ಲಿ ಬರೆದೆ. ಉಳಿದವು ಸಾಕಾಗುವಷ್ಟಿದ್ದವು. ಮರಳಿನ ಮರಿಗಳ ಹರಳಿನಲ್ಲಿ ಉಂಗುರಗಳು ದಟ್ಟವಾಗಿ, ಒಂದಕ್ಕೊಂದು ಒತ್ತಿಕೊಂಡು, ಹೆಚ್ಚು ಸಂಖ್ಯೆಯಲ್ಲಿದ್ದವು. ಅವು ಉದ್ದವಾಗಿದ್ದದ್ದು ಮುಂಚೆ ಹುಟ್ಟಿದ್ದರಿಂದ, ಚೆನ್ನಾಗಿ ಬೆಳೆದದ್ದರಿಂದಲ್ಲ. ದಿನದ ಲೆಕ್ಕದಲ್ಲಿ ಬೇಗ ಬೆಳೆದದ್ದು ಕೆಸರಿನವು. ಮೊದಲ ಮಳೆ ತಗಡಿನ ಮೇಲೆ ಬಿದ್ದ ವಾರ, ತೊಗರಿ ಬಿತ್ತನೆಗೆ ಊರು ಹೊರಟಿದ್ದಾಗ, ನಾನು ಟ್ರಂಕು ಹೊತ್ತು ಬಸ್ಸು ಹತ್ತಿದೆ. ಪ್ರಬಂಧ ವೇಳೆಗೆ ಸರಿಯಾಗಿ ಸಲ್ಲಿಕೆಯಾಯಿತು. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು, ಮರಳಿನ ದಂಡೆಯ ಕೆಲವು ಮಾದರಿಗಳು ಹೇಗೆ ಹಾಳಾದವು ಎಂದು ಕೇಳಿದರು. ‘ಸಂರಕ್ಷಣಾ ದ್ರವವನ್ನು ಒದಗಿಸಿದವರು ಅತಿ ಎಚ್ಚರಿಕೆ ವಹಿಸಿದ್ದರಿಂದ’ ಎಂದು ಉತ್ತರಿಸಿದೆ. ಹುದ್ದೆ ದೊರೆಯಿತು.

ಆ ಶ್ರಾವಣದಲ್ಲಿ ಮಠದವರು ಪುರಾಣ ಓದಲು ಅಪ್ಪನನ್ನು ಕರೆಯಲಿಲ್ಲ. ಅಪ್ಪ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬಂದರಂತೆ. ಮಸೀದಿಯಲ್ಲಿ ಹಿರಿಯರೊಬ್ಬರು ಮಾಮಾಗೆ ಬುದ್ಧಿ ಹೇಳಿದರಂತೆ. ಇಬ್ಬರೂ ಮೀನಿನ ವಿಷಯವನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ನಾನು ಹೇಳುತ್ತೇನೆಂದು ಪತ್ರ ಬರೆದಾಗ, ‘ಬ್ಯಾಡ. ಒಮ್ಮಿ ನಂಬಿದವರಿಗೆ ಎರಡನೇದು ಸುಳ್ಳ ಅನಿಸ್ತದ’ ಎಂದು ಅಪ್ಪ ಬರೆದು ಕಳುಹಿಸಿದರು. ಮುಂದಿನ ವರ್ಷ ಮಠದಿಂದ ಮತ್ತೆ ಕರೆ ಬಂತು.

ದೀಪಾವಳಿಗೆ ಊರಿಗೆ ಬಂದಾಗ ಬಸ್ಸಿನಿಂದ ಇಳಿಯುವಲ್ಲಿ ಈರಣ್ಣ ಎದುರಾದ. ಹುದ್ದೆಯ ಸುದ್ದಿ ಅವನಿಗೂ ತಿಳಿದಿತ್ತು, ಸಂತೋಷವೆಂದ. ಆಮೇಲೆ ಹತ್ತಿರ ಬಂದು ಕೇಳಿದ:

‘ಅಪ್ಪಾರು ಆಮ್ಯಾಲ ಅಂಗಡಿ ಕಡಿ ಬರ್ಲೇ ಇಲ್ರಿ. ಬಿಟ್ಟಾರೇನ್ರಿ?’

ಹೇಳಬೇಕಾದ ನಿಜವೆಲ್ಲ ನಾಲಗೆಯ ತುದಿಯಲ್ಲಿತ್ತು. ‘ಬಿಟ್ಟಾರ್ರಿ’ ಎಂದೆ.

‘ಛಲೋ ಮಾಡ್ಯಾರ. ಆ ಪೀಪಾಯಿ ಮಾಲು ಹಂಗ ಕುಡಿದು ಎದ್ದು ಕುಂತವರನ್ನ ನಾ ಕಂಡಿಲ್ರಿ. ಆ ವಾರೆಲ್ಲ ನನಗ ಜೀವದಾಗ ಜೀವ ಇರಲಿಲ್ಲ. ದಿನಾ ಮುಂಜಾನಿ ನಿಮ್ಮ ಓಣ್ಯಾಗ ಹಾದು, ಇಬ್ಬರೂ ಅದಾರೋ ಇಲ್ಲೋ ನೋಡಿ ಹೋಗ್ತಿದ್ದೆ.’

ಮನೆಗೆ ಬಂದು ಈ ಮಾತನ್ನು ಅಪ್ಪನಿಗೆ ತಲುಪಿಸಿದೆ. ಅಪ್ಪ ಬೇಲಿಯ ಆಚೆ ತಾಡಪತ್ರಿ ಹೊಲಿಯುತ್ತಿದ್ದ ಮಾಮಾನನ್ನು ಕೂಗಿದರು.

‘ಕೇಳಿದೇನು ಮಸ್ತಾನ? ನಾವು ಗಟ್ಟಿ ಅದೇವಂತ.’